ಹಿರಿಯರನ್ನು ಊಟಕ್ಕೆ ಕೂಗಿದ್ದು

ನಾನು ಚಿಕ್ಕವನಿದ್ದಾಗ ಮೂರು ವರ್ಷ ತುಂಬುವವರೆಗೂ ಒಂದು ಮಾತೂ ಆಡಲಿಲ್ಲವಂತೆ. ಆಮೇಲೆ ಶುರುವಾದದ್ದು ಇನ್ನೂ ನಿಂತಿಲ್ಲ ಎಂದು ನಿಮ್ಮ ಅಜ್ಜಿ ಹೇಳುತ್ತಾಳೆ, ಅದು ಬೇರೆ ವಿಷಯ.

ಆಗ ಅಪ್ಪ ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಕಾರ್ಖಾನೆಯವರು ಕೊಟ್ಟ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ಅಮ್ಮನದು ಕನ್ನಡದ ಮನೆ, ಅಪ್ಪನದು ತೆಲುಗಿನ ಮನೆ. ಮನೆಯೊಳಗೆ ತೆಲುಗು ಆಡಿಕೊಂಡು, ಶಾಲೆಯಲ್ಲಿ ಕನ್ನಡ ಓದಿಕೊಂಡು ತಲೆತಲಾಂತರದಿಂದ ಬಾಳಿದ ಒಕ್ಕಲು ಮನೆತನಗಳು ಬೆಂಗಳೂರಿನ ಸುತ್ತ ಬೇಕಾದಷ್ಟಿವೆ. ನಾನು ಬಾಯಿ ಬಿಡದ್ದನ್ನು ನೋಡಿ ಯಾರೋ ಟೀಚರಮ್ಮ, ಮನೆಯಲ್ಲಿ ಎರಡೆರಡು ಭಾಷೆ ಆಡಿದರೆ ಮಗುವಿನ ತಲೆ ಕೆಡುತ್ತದೆ ಎಂದು ಅಪ್ಪನಿಗೆ ಹೇಳಿದರಂತೆ. ಅಪ್ಪ ಅವತ್ತಿನಿಂದಲೇ ನನ್ನ ಮುಂದೆ ತೆಲುಗು ಆಡುವುದನ್ನು ಬಿಟ್ಟ. ಹೀಗಾಗಿ ಏಳನೆಯ ವರ್ಷಕ್ಕೂ ನನಗೆ ಅಪ್ಪನ ಮನೆಯ ಮಾತು ಒಂದಿಷ್ಟೂ ಬರುತ್ತಿರಲಿಲ್ಲ.

ಅಪ್ಪನ ಊರು ಮಹದೇವಪುರದ ಆಚೆ, ವೈಟ್‌ಫೀಲ್ಡ್ ದಾರಿಯಲ್ಲಿತ್ತು. ಕಣ್ಣು ಹಾಯಿಸಿದಷ್ಟೂ ರಾಗಿ ಹೊಲ, ನಡುವೆ ದ್ರಾಕ್ಷಿಯ ಚಪ್ಪರಗಳು, ಊರ ಹಿಂದೆ ಕೆರೆ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಅಲ್ಲಿಗೆ ಹೋಗುತ್ತಿದ್ದೆವು. ತೀರಿಕೊಂಡವರು ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಅಡುಗೆ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಎಲೆ ಬಡಿಸಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬರುವುದು ಆ ಕಡೆಯ ಹಳ್ಳಿಗಳಲ್ಲೆಲ್ಲ ಇತ್ತು. ನಮ್ಮ ಮನೆಯಲ್ಲಿ ಅದರ ಮೇಲೊಂದು ಪದ್ಧತಿ. ಬಾಗಿಲು ಮುಚ್ಚಿದ ಮೇಲೆ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಊಟಕ್ಕೆ ಕೂಗಬೇಕು. ಕೂಗುವ ಮಗುವಿನ ಬಾಯಲ್ಲಿ ಒಂದಾದರೂ ಹಾಲುಹಲ್ಲು ಉಳಿದಿರಬೇಕು. ಹಲ್ಲು ಪೂರ್ತಿ ಬದಲಾದವರು ಕೂಗಿದರೆ ಹಿರಿಯರಿಗೆ ಕೇಳಿಸುವುದಿಲ್ಲವಂತೆ. ಯಾಕೆ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.

ಅಲ್ಲಿಯವರೆಗೆ ಕೂಗುತ್ತಿದ್ದವಳು ದೊಡ್ಡಪ್ಪನ ಮಗಳು, ನಾನು ಅಕ್ಕ ಎನ್ನುತ್ತಿದ್ದವಳು. ಆ ವರ್ಷ ಎರಡು ಬಸ್ಸು ಬದಲಾಯಿಸಿ ನಾವು ಊರು ಸೇರುವ ಹೊತ್ತಿಗೆ ಅಕ್ಕ ಬಾಗಿಲಲ್ಲೇ ನಿಂತು ಬಾಯಿ ಅಗಲಿಸಿ ತೋರಿಸಿದಳು. ಕೊನೆಯ ಹಾಲುಹಲ್ಲು ಹಿಂದಿನ ವಾರ ಬಿದ್ದುಹೋಗಿತ್ತು. ಇಡೀ ಮನೆಯಲ್ಲಿ ಹಾಲುಹಲ್ಲು ಇದ್ದವನು ಇನ್ನು ನಾನೊಬ್ಬನೇ.

ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. ಆ ಮನೆಯವರು ತಮ್ಮತಮ್ಮಲ್ಲಿ ಆಡುವುದೆಲ್ಲ ತೆಲುಗಿನಲ್ಲೇ. ಆದರೆ ಅವತ್ತು ನನಗೆ ತಿಳಿಯಲಿ ಎಂದೇ ದೊಡ್ಡಪ್ಪ ಕನ್ನಡದಲ್ಲಿ ಹೇಳಿದ.

"ಇವನಿಗೆ ನಮ್ ಮಾತು ಒಂದಕ್ಷರ ಬರಲ್ಲ. ಇವನು ಕೂಗಿದ್ರೆ ಯಾರ್ ಬರ್ತಾರೆ? ಹಲ್ಲು ಹೋದ್ರೆ ಹೋಗ್ಲಿ, ನನ್ ಮಗಳೇ ಕೂಗ್ಲಿ."

ಅಪ್ಪ ತಲೆ ತಗ್ಗಿಸಿ ಚಪ್ಪಲಿ ಬಿಡುತ್ತಿದ್ದ. ಒಂದು ಜೊತೆ ಚಪ್ಪಲಿ ಬಿಡಲು ಅಷ್ಟು ಹೊತ್ತು ಬೇಕಿರಲಿಲ್ಲ. ನನಗೆ ದೊಡ್ಡಪ್ಪನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಅಪ್ಪನ ಮೇಲೆ ಬಂತು. ತೆಲುಗು ಬೇಡ ಎಂದು ನಾನೇನು ಹೇಳಿದ್ದೆನೇ? ಕಲಿಸದೆ ಇದ್ದವನು ಅಪ್ಪ, ನಾಚಿಕೆಯಿಂದ ನಿಂತವನು ನಾನು. ಕೂಗಲು ಬಿಡದಿದ್ದರೆ ಆ ಮನೆಗೆ ನಾನು ವರ್ಷಕ್ಕೊಮ್ಮೆ ಉಂಡು ಹೋಗುವ ನೆಂಟ ಅಷ್ಟೆ ಎನ್ನುವುದು ಏಳು ವರ್ಷದವನಿಗೂ ಅರ್ಥವಾಗಿತ್ತು.

ಒಳಗಿನಿಂದ ಅವ್ವ ಬಂದಳು. ಅಪ್ಪನ ತಾಯಿಯನ್ನು ನಾವು ಅವ್ವ ಎನ್ನುತ್ತಿದ್ದೆವು. ಕೈಗೆಲ್ಲ ಕಡಲೆಹಿಟ್ಟು ಮೆತ್ತಿಕೊಂಡಿತ್ತು.

"ಎಲೆ ಆಕೋವೊತ್ಗೆ ನಾನ್ ಕಲಿಸ್ತೀನಿ. ಕೂಗೋನು ಇವ್ನೇಯ," ಎಂದಳು.

"ತಡವರಿಸಿದ ಅಂದ್ರೆ ಅಲ್ಲೇ ನಿಲ್ಲಿಸ್ತೀನಿ," ಎಂದ ದೊಡ್ಡಪ್ಪ.

"ನೀನು ನಿಲ್ಸು, ನೋಡಾನ," ಎಂದು ಅವ್ವ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಆಮೇಲೆ ನಾನು ಕೂಗಿ ಮುಗಿಸುವವರೆಗೂ ಅವಳು ನನ್ನ ಮುಂದೆ ಕನ್ನಡ ಆಡಲಿಲ್ಲ.

ಅಡುಗೆಮನೆ ತುಂಬ ಹೊಗೆ. ಮೂರು ಒಲೆ ಒಟ್ಟಿಗೆ ಉರಿಯುತ್ತಿದ್ದವು. ಒಂದರ ಮೇಲೆ ಹುರುಳಿ ಬೇಯುತ್ತಿತ್ತು, ಇನ್ನೊಂದರ ಬಾಣಲೆಯಲ್ಲಿ ಕಜ್ಜಾಯ ಉಬ್ಬುತ್ತಿತ್ತು. ಮೂಲೆಯಲ್ಲಿ ಅಮ್ಮ ಒರಳಿನ ಮುಂದೆ ಕೂತು ಮಸಾಲೆ ರುಬ್ಬುತ್ತಿದ್ದಳು. ಹಿರಿಯರನ್ನು ಕೂಗುವ ಮೊದಲು ಮನೆಯಲ್ಲಿ ಯಾರೂ ಏನನ್ನೂ ಬಾಯಿಗೆ ಹಾಕುವಂತಿರಲಿಲ್ಲ, ನೀರೊಂದನ್ನು ಬಿಟ್ಟು. ಆ ವಾಸನೆಯ ನಡುವೆ ಖಾಲಿ ಹೊಟ್ಟೆಯಲ್ಲಿ ಕೂರುವುದಿದೆಯಲ್ಲ, ಅದು ನನ್ನ ಶತ್ರುವಿಗೂ ಬೇಡ.

ಅವ್ವ ಸ್ಲೇಟು ಹಿಡಿಯಲಿಲ್ಲ, ಅಕ್ಷರ ಬರೆಯಲಿಲ್ಲ. ಅವಳಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಒಂದೊಂದು ತಿನಿಸನ್ನು ನನ್ನ ಮುಂದೆ ಇಟ್ಟು, ಅದು ಯಾರದು ಎಂದು ತೆಲುಗಿನಲ್ಲಿ ಹೇಳಿದಳು. ಹುರುಳಿ ಸಾರು ಪೆದ್ದ ತಾತನದು, ಎಂದರೆ ಮುತ್ತಜ್ಜನದು. ಮೂಗಿಗೆ ನಶ್ಯ ಏರಿಸಿ ಸೀನುವುದನ್ನು ಮಾಡಿ ತೋರಿಸಿದಳು, ಅವನು ಹಾಗೆ ಎಂದು. ಕಜ್ಜಾಯ ಅವನ ಹೆಂಡತಿ ಪೆದ್ದವ್ವನದು. ಕೋಳಿ ಸಾರು ತಾತನದು, ಎಂದರೆ ಅವ್ವನ ಗಂಡನದು. ವಡೆ ಅವನ ತಮ್ಮ ಚಿನ್ನ ತಾತನದು. ಕೊನೆಗೆ ಒಂದು ಬೆಲ್ಲದ ಅಚ್ಚು ಇಟ್ಟು ಚಿನ್ನತ್ತ ಎಂದಳು. ಅಪ್ಪನ ತಂಗಿ, ಐದು ವರ್ಷಕ್ಕೇ ಹೋದವಳು. ಅವ್ವ ನೆಲದಿಂದ ಇಷ್ಟೆತ್ತರ ಎಂದು ಕೈ ಹಿಡಿದು ತೋರಿಸಿ, ಆ ಕೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದಳು.

ಕೂಗುವ ಮಾತು ಇಷ್ಟೇ: "ಇಂಟಿಕಿ ರಾಂಡಿ. ಸಂಗಟಿ ಚೇಸಿನಾಮು, ತಿನಿಪೋಂಡಿ." ಮನೆಗೆ ಬನ್ನಿ, ಮುದ್ದೆ ಮಾಡಿದ್ದೇವೆ, ಉಂಡು ಹೋಗಿ ಎಂದು ಅರ್ಥ. ಐದೂ ಜನರ ಹೆಸರು ಹಿಡಿದು, ಸಾಲು ತಪ್ಪದೆ, ಐದು ಸಲ ಹೇಳಬೇಕು. ನನ್ನ ನಾಲಗೆ ಹೊರಳಲಿಲ್ಲ. ಬಾಯಾರಿ "ಅವ್ವ, ನೀರು" ಎಂದೆ. ಅವ್ವ ಕಿವಿಯೇ ಇಲ್ಲದವಳ ಹಾಗೆ ವಡೆ ತಟ್ಟುತ್ತಿದ್ದಳು. ಎರಡು ಸಲ ಕೇಳಿದೆ, ಮೂರು ಸಲ ಕೇಳಿದೆ. ಸಿಟ್ಟು ನೆತ್ತಿಗೇರಿ ಎದ್ದು ದ್ರಾಕ್ಷಿಯ ಚಪ್ಪರದ ಕೆಳಗೆ ಹೋಗಿ ಕೂತೆ. ನಾನು ಕಲಿಯುವುದಿಲ್ಲ, ಏನು ಮಾಡುತ್ತೀರೋ ಮಾಡಿ ಎಂದು ಒಬ್ಬನೇ ಗೊಣಗುತ್ತಿದ್ದೆ.

ಅಕ್ಕ ಹುಡುಕಿಕೊಂಡು ಬಂದಳು. ಹಸಿವಿನಿಂದ ಅವಳ ಮುಖ ಬಾಡಿತ್ತು.

"ಏಳೋ. ನಮ್ಮಪ್ಪ ಏನಾರ ಅಂದ್ಕೊಳ್ಲಿ, ಅವ್ವ ನನ್ ಕೈಲಿ ಕೂಗ್ಸಲ್ಲ. ನೀನು ಕಲೀಲಿಲ್ಲ ಅಂದ್ರೆ ಸಾಯಂಕಾಲದ ತಂಕ ಎಲ್ರೂ ಉಪವಾಸನೇ," ಎಂದಳು. ಆಮೇಲೆ ನನ್ನ ಪಕ್ಕ ಕೂತು, ಆ ಮಾತನ್ನು ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಮೆಲ್ಲಗೆ ಕೂಗಿ ಕೂಗಿ ತೋರಿಸಿದಳು. ತನ್ನ ಕೈ ಬಿಟ್ಟುಹೋದ ಕೆಲಸವನ್ನು ಹೊಟ್ಟೆಕಿಚ್ಚಿಲ್ಲದೆ ನನಗೆ ಕಲಿಸಿದಳು. ಅವಳ ಋಣ ನನ್ನ ಮೇಲಿದೆ. ನಾನು ಒಳಗೆ ಹೋಗಿ, ಅಕ್ಕ ಹೇಳಿಕೊಟ್ಟ ಹಾಗೆ ತೆಲುಗಿನಲ್ಲಿ "ಅವ್ವ, ನೀಳ್ಳು" ಎಂದೆ. ಕೇಳಿದ ತಕ್ಷಣ ತಂಬಿಗೆ ಬಂತು.

ಮಧ್ಯಾಹ್ನ ಐದು ಎಲೆ ಹಾಕಿ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿದರು. ನಾನು ಹೊಸ್ತಿಲ ಎದುರು ನಿಂತೆ. ಹಿಂದೆ ಎಲ್ಲರೂ ನಿಂತಿದ್ದರು. ಮೊದಲು ಪೆದ್ದ ತಾತನನ್ನು ಕೂಗಿದೆ, ಸರಿಯಾಗಿ ಬಂತು. ಪೆದ್ದವ್ವ ಎಂದ ಮೇಲೆ ಮುಂದಿನದು ಮರೆತೇಹೋಯಿತು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ನನಗೆ ರೋಷ ಉಕ್ಕಿತು. ಇವನು ನಿಲ್ಲಿಸುವ ಮೊದಲು ನಾನೇ ಕೂಗಿಬಿಡುತ್ತೇನೆ ಎಂದು ಕಣ್ಣು ಮುಚ್ಚಿ, ಊರಿಗೆಲ್ಲ ಕೇಳುವ ಹಾಗೆ "ಇಂಟಿಕಿ ರಾಂಡಿ" ಎಂದೆ. ಆಮೇಲೆ ತಡೆಯಲಿಲ್ಲ. ತಾತ, ಚಿನ್ನ ತಾತ, ಚಿನ್ನತ್ತ, ಐವರನ್ನೂ ಕೂಗಿ ಮುಗಿಸಿದೆ.

ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ನನಗೊಂದು ಯೋಚನೆ ಬಂತು. ಈ ಐವರಲ್ಲಿ ಒಬ್ಬರನ್ನೂ ನಾನು ಕಣ್ಣಾರೆ ನೋಡಿರಲಿಲ್ಲ. ನಾನು ನೋಡಿದ್ದವನು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಚಿಕ್ಕಬಾಣಾವರದ ಸ್ಟೇಷನ್ನಿನಲ್ಲಿ ರೈಲು ತೋರಿಸಿದ್ದವನು ಅಮ್ಮನ ಅಪ್ಪ. ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಅವನನ್ನು ಬಿಡುವುದು ನನಗೆ ಸರಿಕಾಣಲಿಲ್ಲ. ಅವನಿಗೆ ತೆಲುಗು ಬರುವುದಿಲ್ಲ ಎಂದು ಕನ್ನಡದಲ್ಲೇ ಕೂಗಿದೆ.

"ಚಿಕ್ಕಬಾಣಾವರದ ತಾತಾ, ನೀನೂ ಬಾ. ಮುದ್ದೆ ಮಾಡವ್ರೆ, ಉಂಡ್ಕೊಂಡು ಹೋಗು."

ಸೊಸೆಯ ತವರಿನ ಹಿರಿಯರನ್ನು ಈ ಮನೆಯ ಎಲೆಗೆ ಕರೆಯುವ ಪದ್ಧತಿ ಇರಲಿಲ್ಲ. ಅವರಿಗೆ ಎಡೆ ಇಡುವುದು ಅವರ ಗಂಡುಮಕ್ಕಳ ಕೆಲಸ. ದೊಡ್ಡಪ್ಪ, ಇದು ಕೆಟ್ಟಿತು, ಎಲ್ಲ ಮೊದಲಿಂದ ಮಾಡಬೇಕು ಎಂದು ಕೂಗಾಡಿದ. ತಪ್ಪಾಯಿತು ಎಂದು ನಾನು ಹೇಳಲಿಲ್ಲ.

"ಕೂಗಿ ಆಗೈತೆ," ಎಂದಳು ಅವ್ವ. ಅಮ್ಮನಿಗೂ ತಿಳಿಯಲಿ ಎಂದು ಈ ಸಲ ಕನ್ನಡದಲ್ಲಿ. "ಕರೆದವರನ್ನ ಬಾಗಿಲಿಂದ ಕಳ್ಸೋ ಮನೆ ಅಲ್ಲ ಇದು. ಬಾಗಿಲು ತೆಗೀರಿ. ಇನ್ನೊಂದು ಎಲೆ ಆಕಿ. ನಿಮ್ಮಪ್ಪಂಗೆ ಏನು ಇಷ್ಟವಮ್ಮ?"

ಅಮ್ಮ ಮದುವೆಯಾಗಿ ಬಂದು ಹತ್ತು ವರ್ಷವಾಗಿತ್ತು. ಆ ಮನೆಯಲ್ಲಿ ಅವಳಪ್ಪನ ಬಗ್ಗೆ ಯಾರಾದರೂ ಕೇಳಿದ್ದು ಅದೇ ಮೊದಲು. "ಹುಚ್ಚೆಳ್ಳು ಚಟ್ನಿ," ಎಂದಳು. ಹೇಳಿದವಳೇ ಒಳಗೆ ಹೋಗಿ ಒಲೆಯ ಮೇಲೆ ಬಾಣಲೆ ಇಟ್ಟಳು. ಹುಚ್ಚೆಳ್ಳು ಹುರಿದು, ಅರೆದು, ಎಲೆಗೆ ಬರುವವರೆಗೂ ದೊಡ್ಡಪ್ಪ ಹಸಿದ ಹೊಟ್ಟೆಯಲ್ಲಿ ಜಗಲಿಯ ಮೇಲೆ ಕೂತಿದ್ದ. ಅದನ್ನು ನೆನೆದರೆ ಈಗಲೂ ನನಗೆ ಖುಷಿಯೇ.

ಸಂಜೆ ವಾಪಸು ಬರುವ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತಿದ್ದೆ. ಅಪ್ಪ ಕಿಟಕಿಯ ಕಡೆ ನೋಡುತ್ತಲೇ "ನಿದ್ರ ವಸ್ತಾಂದಾ?" ಎಂದ. ನಿದ್ದೆ ಬರುತ್ತಿದೆಯಾ ಎಂದು. ನನಗೆ ನೆನಪಿದ್ದ ಹಾಗೆ ನನ್ನ ಜೊತೆ ಅಪ್ಪ ಆಡಿದ ಮೊದಲ ತೆಲುಗು ಅದು. ನನಗೆ ಕಣ್ಣು ಎಳೆಯುತ್ತಿತ್ತು. ಆದರೂ "ಲೇದು" ಎಂದೆ. ಇಲ್ಲ ಎಂದರೆ ಅಪ್ಪ ಇನ್ನಷ್ಟು ಮಾತಾಡುತ್ತಾನೆ ಎನ್ನುವ ಆಸೆಯಿಂದ ಹೇಳಿದ ಸುಳ್ಳು. ಪೀಣ್ಯ ಬರುವವರೆಗೂ ಅಪ್ಪ ಮಾತಾಡಿದ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

ಈಗ ನಿಮ್ಮ ಮನೆ ನೋಡಿ. ಅದೇ ವೈಟ್‌ಫೀಲ್ಡ್ ದಾರಿಯಲ್ಲಿ ಹನ್ನೊಂದನೆಯ ಮಹಡಿ. ನಿಮ್ಮಪ್ಪನಿಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ನಿಮ್ಮಮ್ಮ ಫೋನಿನಲ್ಲಿ ಅವರಮ್ಮನ ಜೊತೆ ಮಲಯಾಳ ಆಡುವುದನ್ನು ಕೇಳಲು ಎಷ್ಟು ಚೆಂದ. ಇಷ್ಟೆಲ್ಲ ಇಟ್ಟುಕೊಂಡು ಊಟದ ಮೇಜಿನಲ್ಲಿ ನೀವು ಆಡುವುದು ಬರೀ ಇಂಗ್ಲಿಷ್. ಅದು ಬೇಡ ಎಂದು ನಾನು ಹೇಳುವುದಿಲ್ಲ. ಅದೊಂದೇ ಸಾಕು ಎಂದರೆ ಮಾತ್ರ ನಾನು ಒಪ್ಪುವವನಲ್ಲ. ನಮ್ಮ ಕಾಲದಲ್ಲಿ ಭಾಷೆಗೆ ಅಡ್ಡ ಬರಲು ಒಬ್ಬ ಟೀಚರಮ್ಮ ಸಾಕಾಗಿದ್ದರು. ನಿಮ್ಮ ಕಾಲದಲ್ಲಿ ಯಾರೂ ಅಡ್ಡ ಬರುವುದೇ ಬೇಡ, ಪುರುಸೊತ್ತಿಲ್ಲದೆಯೇ ಅದು ಹೋಗುತ್ತಿದೆ.

ನಿಮ್ಮ ತಂಗಿಗೆ ಎರಡೂವರೆ ವರ್ಷ, ಇನ್ನೂ ಮಾತು ಬಂದಿಲ್ಲ. ನಾನು ಅವಳ ಜೊತೆ ಬೆಳಿಗ್ಗೆ ತೆಲುಗು, ಸಂಜೆ ಕನ್ನಡ ಆಡುತ್ತೇನೆ. ನಿಮ್ಮಮ್ಮನ ಕಡೆಯ ಅಮ್ಮಮ್ಮ ಬಂದರೆ ಮಲಯಾಳವನ್ನೇ ಆಡಲಿ ಎಂದು ಹೇಳಿದ್ದೇನೆ. ಮೊನ್ನೆ ನಿಮ್ಮಪ್ಪ ಬಂದು, "ಇಷ್ಟೊಂದು ಭಾಷೆ ಕಿವಿಗೆ ಬಿದ್ರೆ ಅವಳು ಮಾತಾಡೋದು ಇನ್ನೂ ಲೇಟಾಗುತ್ತಂತೆ ಕಣಪ್ಪ, ಸ್ವಲ್ಪ ದಿನ ನಿಲ್ಸು," ಎಂದ. ನಿಲ್ಲಿಸುವುದಿಲ್ಲ ಎಂದೆ. ತಡವಾದರೆ ಆಗಲಿ. ನಾನು ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತೇನೆ.