ಲೋಲಾಕ್ಷಿ ಕೇಳಿದ ಕಕ್ಕಸು

ಬೆಳುವಾಯಿಯ ಲೋಲಾಕ್ಷಿಗೆ ಮಾತು ಅಂದರೆ ಪ್ರಾಣ. ಮದುವೆ ಆಗಿರಲಿಲ್ಲ, ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡಿಸುವವರೂ ಇರಲಿಲ್ಲ. ಹಾಗಾಗಿ ಬೆಳಿಗ್ಗೆ ಗಂಜಿ ಉಂಡವಳೇ ಕಮಲಾಕ್ಷನ ಬೀಡಿ ಶೆಡ್ಡಿಗೆ ಓಡುತ್ತಿದ್ದಳು. ಅಲ್ಲಿ ಐವತ್ತು ಅರವತ್ತು ಹೆಂಗಸರು ಮಡಿಲಲ್ಲಿ ತಡ್ಪೆ, ಅಂದರೆ ಮೊರ ಇಟ್ಟುಕೊಂಡು, ಎಲೆಗೆ ಹೊಗೆಸೊಪ್ಪು ತುಂಬಿ ಸುತ್ತುತ್ತಾ ಕೂರುತ್ತಿದ್ದರು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಯಾರ ಸೊಸೆ ಮುನಿದು ತವರಿಗೆ ಹೋದಳು, ತಪ್ಪು ಯಾರದು, ಎಲ್ಲವೂ ಅಲ್ಲೇ ತೀರ್ಮಾನ. ಲೋಲಾಕ್ಷಿ ಊರಿನ ಅತ್ತೆಯರ ದನಿ ಅಣಕಿಸಿದರೆ ಇಡೀ ಶೆಡ್ಡು ನಗುತ್ತಿತ್ತು.

ಆ ಶೆಡ್ಡಿಗೆ ಕಕ್ಕಸು ಇರಲಿಲ್ಲ. ಹೆಂಗಸರು ಹಿಂದಿನ ಗುಡ್ಡಕ್ಕೆ ಹೋಗಬೇಕಿತ್ತು. ಮುಟ್ಟಾದ ದಿನಗಳ ಕಷ್ಟ ಹೇಳುವುದೇ ಬೇಡ. ಎಳೆ ಮಕ್ಕಳು ಹೊಗೆಸೊಪ್ಪಿನ ಧೂಳಿನಲ್ಲೇ ಮಲಗುತ್ತಿದ್ದವು.

ಎಪ್ಪತ್ತರ ದಶಕದ ನಡುವಿನಲ್ಲಿ ಒಮ್ಮೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಬೀಡಿ ಕೆಲಸದವರಿಗೆ ಕಾಯಿದೆ ಬಂದಿದೆ, ಕಕ್ಕಸು, ಕೈತೊಳೆಯುವ ನೀರು, ಮಕ್ಕಳಿಗೊಂದು ಕೋಣೆ ಎಲ್ಲ ಧಣಿಯೇ ಮಾಡಿಸಬೇಕು ಎಂದು ವಿವರಿಸಿದರು. ಇಲ್ಲಿ ಏನು ಕಮ್ಮಿ ಉಂಟು ಎಂದು ಕೇಳಿದಾಗ ಎಲ್ಲರೂ ತಲೆ ತಗ್ಗಿಸಿದರು. ಲೋಲಾಕ್ಷಿ ಮಾತ್ರ ಎದ್ದು ನಿಂತಳು.

"ಕಕ್ಕಸು ಇಲ್ಲ ಸರ್. ನಾವು ಗುಡ್ಡಕ್ಕೆ ಹೋಗುವುದು," ಎಂದಳು.

ಕಮಲಾಕ್ಷನಿಗೆ ನೋಟೀಸು ಬಂತು. ಆಸಾಮಿ ಬಲು ಹುಷಾರು. ಕಕ್ಕಸು ಕಟ್ಟಿಸುವುದಕ್ಕಿಂತ ಶೆಡ್ಡು ಮುಚ್ಚುವುದೇ ಸುಲಭ ಎಂದು ಅವನಿಗೆ ಹೊಳೆಯಿತು. ಎಲೆ, ಹೊಗೆಸೊಪ್ಪು ಮನೆಗೆ ಒಯ್ಯಿರಿ, ಕಟ್ಟಿ ತಂದು ಕೊಡಿರಿ ಎಂದ. ಶೆಡ್ಡೇ ಇಲ್ಲದ ಮೇಲೆ ಕಾಯಿದೆ ಯಾರನ್ನು ಹಿಡಿಯಬೇಕು? ಸರಕಾರಕ್ಕೂ ನೆಮ್ಮದಿ, ಕಮಲಾಕ್ಷನಿಗೂ ನೆಮ್ಮದಿ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಲೋಲಾಕ್ಷಿ ತನ್ನ ಜಗಲಿಯಲ್ಲಿ ಒಬ್ಬಳೇ ಕೂತು ಬೀಡಿ ಕಟ್ಟತೊಡಗಿದಳು. ಮೊದಮೊದಲು ತಾನೇ ಒಂದು ಮಾತು ಆಡಿ ತಾನೇ ನಗುತ್ತಿದ್ದಳು. ಆಮೇಲೆ ಅದೂ ನಿಂತಿತು. ಒಂಟಿತನಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ತನ್ನ ಬಾಯಿಯಿಂದಲೇ ಶೆಡ್ಡು ಮುಚ್ಚಿತು, ಎಲ್ಲರೂ ತನ್ನನ್ನು ಶಪಿಸುತ್ತಿರಬಹುದು ಎಂದುಕೊಂಡಿದ್ದಳು. ಬೀಡಿ ಕೊಡಲು ಹೋದಾಗ ಹಳೆಯ ಗೆಳತಿಯರು ಸಿಗುತ್ತಿದ್ದರು. ಎಲ್ಲರಿಗೂ ಮನೆ ಸೇರುವ ಅವಸರ. ಅದನ್ನು ಅವಳು ಸಿಟ್ಟೆಂದೇ ತಿಳಿದಳು.

ಕೊನೆಗೊಂದು ದಿನ ಧೈರ್ಯ ಮಾಡಿ, ತಡ್ಪೆ ಕಂಕುಳಲ್ಲಿ ಇಟ್ಟುಕೊಂಡು, ಶೆಡ್ಡಿನಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಸೇಸಮ್ಮನ ಮನೆಗೆ ಹೋದಳು. ತಪ್ಪಾಯಿತು ಎನ್ನಬೇಕು, ಇನ್ನು ಇಬ್ಬರೂ ಒಂದೇ ಕಡೆ ಕೂತು ಕಟ್ಟುವ ಎನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಸೇಸಮ್ಮ ಜಗಲಿಯಲ್ಲಿ ಬೀಡಿ ಸುತ್ತುತ್ತಿದ್ದಳು. ಅತ್ತೆ ಎಲೆ ಕತ್ತರಿಸುತ್ತಿದ್ದರು, ನಾದಿನಿ ನೂಲು ಕಟ್ಟುತ್ತಿದ್ದಳು, ಮಗು ತೊಟ್ಟಿಲಲ್ಲಿ ಮಲಗಿತ್ತು. ಒಳಗೆ ಅನ್ನ ಕುದಿಯುತ್ತಿತ್ತು. ಸೇಸಮ್ಮ ಲೋಲಾಕ್ಷಿಯ ಕೈ ಹಿಡಿದು ಕೂರಿಸಿದಳು.

"ನಿನ್ನನ್ನು ದಿನಾ ನೆನೆಸ್ತೇವೆ ಮಾರಾಯ್ತಿ. ನೀನು ಅವತ್ತು ಎದ್ದು ಹೇಳಿದ್ದಕ್ಕೆ ನಾವೆಲ್ಲ ಮನೆ ಸೇರಿದೆವು. ಈಗ ಮಗು ಕಣ್ಣೆದುರೇ ಉಂಟು. ನಿನಗೆ ಪುಣ್ಯ ಬರ್ತದೆ."

ಲೋಲಾಕ್ಷಿ ಒಳ್ಳೆಯದೇ ಆಯಿತು ಎಂದಳು. ಕೊಟ್ಟ ಬೆಲ್ಲ ನೀರು ಕುಡಿದಳು. ಮಗು ಎದ್ದು ಅತ್ತಿತು, ಮನೆಯವರೆಲ್ಲ ಅತ್ತ ತಿರುಗಿದರು. ಅವಳು ಬರ್ತೇನೆ ಎಂದು ಹೇಳಿ ಹೊರಟಳು. ಆ ಜಗಲಿಯಲ್ಲಿ ಇನ್ನೊಬ್ಬಳು ಕೂರುವಷ್ಟು ಜಾಗ ಇತ್ತು. ಕೇಳಲು ಮಾತ್ರ ಲೋಲಾಕ್ಷಿಗೆ ಬಾಯಿ ಬರಲಿಲ್ಲ.