ಅತ್ತೆಯ ಕಣ್ಣಿಗೆ ಔಷಧ

ಹೆಂಡತಿ ತೀರಿಕೊಂಡ ಮೇಲೂ ಬ್ಯಾಡಗಿಯ ಚರ್ಚಿಗೆ ಹೋಗುತ್ತಿದ್ದೆ. ಪ್ರಾರ್ಥನೆಯಲ್ಲಿ ಏನೂ ಅನಿಸುತ್ತಿರಲಿಲ್ಲ. ಸೇವೆಗೆ ದೇವರು ಕರೆಯುತ್ತಾನೆಂದು ಪಾಸ್ಟರ್ ಹೇಳಿದ್ದನ್ನು ವರದಿಗಾರನಾದ ನಾನು ಪತ್ರಿಕಾಗೋಷ್ಠಿಯ ಮಾತಿನಂತೆ ಕೇಳಿಸಿಕೊಂಡಿದ್ದೆ. ಒಂದು ಸಂಜೆ ಪಕ್ಕದ ಮನೆಯಾಕೆ ಬಂದಳು. ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಎಷ್ಟು ತೊಳೆದರೂ ಕೈಯ ಖಾರ ಹೋಗುವುದಿಲ್ಲ. ಅವಳ ಅತ್ತೆಗೆ ಹಾವೇರಿಯಲ್ಲಿ ಕಣ್ಣಿನ ಆಪರೇಷನ್ ಆಗಿತ್ತು.

“ಅಣ್ಣಾರ, ಔಷಧ ನೀವ ಹಾಕ್ರಿ. ನನ್ನ ಕೈ ತಾಗಿದ್ರ ಇದ್ದ ಕಣ್ಣೂ ಹೋಗತೈತಿ.”

ಹೋಗಿ ರೆಪ್ಪೆ ಬಿಡಿಸಿ ಹನಿ ಹಾಕಿದೆ.

“ಹೆಣದ ಕೈ ಇದ್ದಂಗ ತಣ್ಣಗ ಅದಾವಲ್ಲೋ ತಮ್ಮಾ!” ಮುದುಕಿ ನಕ್ಕಳು. “ಆದ್ರ ನಡಗೂದಿಲ್ಲ. ನಾಳೆನೂ ನೀನ ಬಾ.”

ಆಗಲೂ ಏನೂ ಅನಿಸಲಿಲ್ಲ. ದೇವರ ಕರೆ ಇದೇ ಎಂದು ಬರೆಯಲು ನನ್ನ ಬಳಿ ಆಧಾರವಿಲ್ಲ. ಮರುದಿನ ರಾಣೆಬೆನ್ನೂರಿನ ಸುದ್ದಿ ಬೇಗ ಬರೆದು ಮುಗಿಸಿ, ಹನಿ ಹಾಕುವ ಹೊತ್ತಿಗೆ ಹೋದೆ.