ಎಲ್ಲರ ಅಪ್ಪಂದಿರೂ ಡಾಕ್ಟರು

ಸದಾಶಿವ ಪೇಠದ ಒಂದು ಹೈಸ್ಕೂಲಿಗೆ ಜರ್ಮನ್ ಮೌಖಿಕ ಪರೀಕ್ಷೆ ನಡೆಸಲು ಹೋಗಿದ್ದೆ. ಈ ಮರಾಠಿ ಊರಿನಲ್ಲಿ ಮಕ್ಕಳು ಫ್ರೆಂಚ್, ಜರ್ಮನ್ ಆರಿಸಿಕೊಳ್ಳುವುದು ಮಾತಾಡಲಿಕ್ಕಲ್ಲ, ಮಾರ್ಕ್ಸ್ ಚೆನ್ನಾಗಿ ಬೀಳುತ್ತವೆ ಅಂತ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ಬಂದವರೆಲ್ಲರದೂ ಒಂದೇ ಉತ್ತರ: "ಮೈನ್ ಫಾಟರ್ ಇಸ್ಟ್ ಆರ್ಟ್ಸ್ಟ್." ಅಂದರೆ, ನಮ್ಮಪ್ಪ ಡಾಕ್ಟರ್. ನಾನೂ ಸುಮ್ಮನೆ ಮಾರ್ಕ್ಸ್ ಹಾಕುತ್ತ ಹೋದೆ.

ಕೊನೆಗೆ ಬಂದವಳು ನಮ್ಮ ಓಣಿಯ ಕಿರಾಣಿ ಅಂಗಡಿ ಶೆಟ್ಟರ ಮಗಳು. ಅವಳೂ ಅದನ್ನೇ ಒಪ್ಪಿಸಿದಳು. ತಡೆಯಲಾಗದೆ ಕನ್ನಡದಲ್ಲೇ ಕೇಳಿದೆ: "ಹಂಗಾದ್ರ ಆ ಅಂಗಡಿ ಯಾರದವಾ?"

"ಅಪ್ಪಂದರೀ ಸರ್. ಆದ್ರ ಗೈಡಿನಾಗ ಡಾಕ್ಟರ್ ಅಂತ ಅದ. ಅಂಗಡಿ ಅಂದ್ರ ನೀವು ಮುಂದ ಇನ್ನೇನರ ಕೇಳ್ತೀರಿ, ಅದಕ್ಕ ಉತ್ತರ ಗೈಡಿನಾಗ ಇಲ್ರಿ."

ಪೂರ್ತಿ ಮಾರ್ಕ್ಸ್ ಕೊಟ್ಟೆ.

ಸಂಜೆ ಸಕ್ಕರೆ ತರಲು ಹೋದಾಗ ಶೆಟ್ಟರು ತಕ್ಕಡಿ ಬಿಟ್ಟು ಮುಂದೆ ಬಂದರು. "ನಮ್ಮ ಹುಡುಗಿ ಏನಂದಳ್ರಿ ಸರ್?"

"ನಿಮ್ಮ ಬಗ್ಗೇನ ಹೇಳಿದಳ್ರಿ," ಅಂದು, ಆ ಜರ್ಮನ್ ವಾಕ್ಯವನ್ನು ಇದ್ದ ಹಾಗೇ ಹೇಳಿದೆ.

"ಕೇಳಲಿಕ್ಕೆ ಭಾಳ ಛಂದ ಅದರೀ," ಅಂದರು ಶೆಟ್ಟರು. ಅರ್ಥ ಮಾತ್ರ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಗೈಡಿನಲ್ಲಿ ಉತ್ತರ ಇರಲಿಲ್ಲ.